ಕಚೇರಿಯಲ್ಲೇ ಶಿಶುಪಾಲನೆಯೋ, ಕೈಗೆ ಭತ್ಯೆಯೋ?

ನೌಕರರ ಮಕ್ಕಳಿಗಾಗಿ ಏನಾದರೂ ಮಾಡಬೇಕು ಅಂತ ಹೊರಟ ಸಂಸ್ಥೆಗೆ ಭತ್ಯೆಯೇ ಸುಲಭ. ಜಾಗ ಬೇಡ, ಆಯಾ ಬೇಡ. ಆದರೆ ಹತ್ತಿರದಲ್ಲಿ ಒಳ್ಳೆಯ ಡೇ ಕೇರ್ ಇಲ್ಲದಿದ್ದರೆ ಆ ದುಡ್ಡಿನಿಂದ ಏನು ಪ್ರಯೋಜನ, ಅಲ್ವಾ?

ಕಚೇರಿಯಲ್ಲೇ ಕೊಠಡಿ ಮಾಡಿದರೆ ಖರ್ಚು ಜಾಸ್ತಿ, ನಿಜ. ಆದರೆ ತಾಯಿ ಎದ್ದು ಹೋಗಿ ಮಗುವಿಗೆ ಹಾಲು ಕುಡಿಸಿ ಮತ್ತೆ ಕೆಲಸಕ್ಕೆ ಕೂರಬಹುದು; ಅರ್ಧ ದಿನ ರಜೆ ಹಾಕಬೇಕಿಲ್ಲ. ಪಳಗಿದವರು ಕೆಲಸ ಬಿಡುವುದು ಕಡಿಮೆಯಾಗುತ್ತದೆ. ಹೊಸಬರನ್ನು ಹುಡುಕಿ ಕಲಿಸುವ ಖರ್ಚನ್ನು ಎಷ್ಟೋ ಮಾಲೀಕರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಮೆರಿಕದ ಪ್ಯಾಟಗೋನಿಯಾ ಕಂಪನಿ 1983ರಿಂದ ಇಂಥ ಕೇಂದ್ರ ನಡೆಸುತ್ತಿದೆ. ತೆರಿಗೆ ರಿಯಾಯಿತಿಯೂ ಸೇರಿ ಖರ್ಚಿನ ಸುಮಾರು 91% ವಾಪಸ್ ಬರುತ್ತದೆ ಎಂದು 2016ರಲ್ಲಿ ಅದು ಅಂದಾಜಿಸಿತ್ತು.

ನೂರಾರು ನೌಕರರಿದ್ದರೆ ಕೊಠಡಿಯನ್ನೇ ಆರಿಸಿ. ಚಿಕ್ಕ ಸಂಸ್ಥೆಯೇ? ಅಕ್ಕಪಕ್ಕದ ಸಂಸ್ಥೆಗಳ ಜೊತೆ ಸೇರಿ ಒಂದು ತೆರೆಯಿರಿ. ಅದೂ ಆಗದಿದ್ದರೆ ಭತ್ಯೆ.