ನಡುಗಡಲಿಗೆ ಬರುವ ಹೆಲಿಕಾಪ್ಟರ್: ಒಂದು ರಕ್ಷಣಾ ಸೇವೆಯ ವಿಮರ್ಶೆ

ಬಳಸುವ ಸಂದರ್ಭವೇ ಬಾರದಿರಲಿ ಎಂದು ಪ್ರತಿಯೊಬ್ಬ ಗ್ರಾಹಕನೂ ಹಾರೈಸುವ ಸೇವೆಯೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ವಿಚಿತ್ರವೆನಿಸಬಹುದು. ಆದರೆ ಹಾಯಿದೋಣಿಯಲ್ಲಿ ಸಾಗರ ದಾಟಲು ಹೊರಡುವವರು ಲೈಫ್ ರಾಫ್ಟ್ (ಜೀವರಕ್ಷಕ ತೆಪ್ಪ) ಯಾವ ಕಂಪನಿಯದು, ರೇಡಿಯೋ ಯಾವ ಮಾದರಿಯದು ಎಂದು ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಕಷ್ಟಕಾಲದಲ್ಲಿ ತಮ್ಮನ್ನು ಎತ್ತಿಕೊಂಡು ಹೋಗಬೇಕಾದ ಹೆಲಿಕಾಪ್ಟರಿನ ಬಗ್ಗೆ ಮಾತ್ರ ‘ಗುಂಡಿ ಒತ್ತಿದರೆ ಬರುತ್ತದೆ’ ಎಂದುಕೊಂಡು ಸುಮ್ಮನಾಗುತ್ತಾರೆ. ಹಾಗಾಗಿ ಈ ಸೇವೆಯನ್ನೂ ಒರೆಗೆ ಹಚ್ಚಿ ನೋಡಬೇಕಾಗಿದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ತನ್ನ ವ್ಯಾಪ್ತಿಯೊಳಗೆ ಇದಕ್ಕೆ ಸಾಟಿಯಾದ ಸೇವೆ ಇನ್ನೊಂದಿಲ್ಲ. ಆದರೆ ಆ ವ್ಯಾಪ್ತಿ ಜನ ಭಾವಿಸಿರುವುದಕ್ಕಿಂತ ಬಹಳ ಕಿರಿದು, ಮತ್ತು ಅದನ್ನು ನಿರ್ಧರಿಸುವುದು ಇಂಧನದ ಟ್ಯಾಂಕು.

ಅಮೆರಿಕದ ಕೋಸ್ಟ್ ಗಾರ್ಡ್ ಬಳಸುವ ಜೇಹಾಕ್ ಹೆಲಿಕಾಪ್ಟರನ್ನೇ ತೆಗೆದುಕೊಳ್ಳೋಣ. ತೀರದಿಂದ 300 ನಾಟಿಕಲ್ ಮೈಲಿ, ಎಂದರೆ ಸುಮಾರು 555 ಕಿಲೋಮೀಟರ್ ದೂರ ಹೋಗಿ, ಅಲ್ಲಿ 45 ನಿಮಿಷ ಇದ್ದು, ಆರು ಮಂದಿಯನ್ನು ಎತ್ತಿಕೊಂಡು ಮರಳುವುದು ಅದರ ಘೋಷಿತ ಸಾಮರ್ಥ್ಯ. ಕಾಗದದ ಮೇಲೆ ಇದು ಒಳ್ಳೆಯ ಅಂಕಿಯೇ ಸರಿ. ಆದರೆ ಆ 45 ನಿಮಿಷಗಳಲ್ಲೇ ಅಲೆಗಳ ನಡುವೆ ದೋಣಿಯನ್ನು ಹುಡುಕುವುದು, ಗಾಳಿಯ ದಿಕ್ಕು ನೋಡಿ ಅದರ ಬಳಿ ನೆಲೆಗೊಳ್ಳುವುದು, ಒಬ್ಬೊಬ್ಬರನ್ನಾಗಿ ಮೇಲೆತ್ತುವುದು ಎಲ್ಲವೂ ಮುಗಿಯಬೇಕು. ಹಿಂದಿರುಗಲು ಬೇಕಾದಷ್ಟೇ ಇಂಧನ ಉಳಿದಿರುವ ಗಡಿಯನ್ನು ಪೈಲಟ್‌ಗಳು ‘ಬಿಂಗೋ’ ಎನ್ನುತ್ತಾರೆ. ಅದು ಬಂದಾಗ ಕೆಳಗೆ ಇನ್ನೂ ಇಬ್ಬರು ಕೈ ಬೀಸುತ್ತಿದ್ದರೂ ಹೆಲಿಕಾಪ್ಟರ್ ತೀರದತ್ತ ತಿರುಗಲೇಬೇಕು. ಆದ್ದರಿಂದಲೇ ದೂರದ ಕರೆಗಳಿಗೆ ಹರ್ಕ್ಯುಲಿಸ್‌ನಂಥ ದೊಡ್ಡ ವಿಮಾನವೊಂದು ಮುಂದಾಗಿ ಹೋಗಿ, ದೋಣಿಯನ್ನು ಪತ್ತೆಹಚ್ಚಿ, ಬೇಕಿದ್ದರೆ ಲೈಫ್ ರಾಫ್ಟ್ ಬೀಳಿಸಿ, ತೀರದೊಂದಿಗೆ ರೇಡಿಯೋ ಸಂಪರ್ಕವನ್ನು ಕಾಯ್ದುಕೊಂಡು ಮೇಲೆ ಸುತ್ತುತ್ತಿರುತ್ತದೆ. ಪತ್ರಿಕೆಯ ಚಿತ್ರದಲ್ಲಿ ಈ ವಿಮಾನ ಕಾಣಿಸಿಕೊಳ್ಳುವುದೇ ಅಪರೂಪ. ಸೇವೆಯ ಅರ್ಧ ಶ್ರೇಯಸ್ಸು ಅದಕ್ಕೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಈ ಗಡಿಯನ್ನು ದಾಟುವ ದಾರಿಯೊಂದಿದೆ, ಅದು ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವುದು. ಹರ್ಕ್ಯುಲಿಸ್ ತನ್ನ ರೆಕ್ಕೆಯಿಂದ ಉದ್ದನೆಯ ಕೊಳವೆಯನ್ನು ಬಿಟ್ಟು, ತಾನು ಹಾರಬಲ್ಲ ಅತಿ ಕಡಿಮೆ ವೇಗದ ಹತ್ತಿರಕ್ಕೆ ಇಳಿಯುತ್ತದೆ. ಹಿಂದಿನಿಂದ ಬರುವ ಹೆಲಿಕಾಪ್ಟರ್ ತನ್ನ ಗರಿಷ್ಠ ವೇಗದ ಹತ್ತಿರಕ್ಕೆ ಏರಿ, ಮೂತಿಯಿಂದ ಚಾಚಿದ ನಳಿಕೆಯನ್ನು ಆ ಕೊಳವೆಯ ತುದಿಯ ಬುಟ್ಟಿಯೊಳಗೆ ತೂರಿಸಬೇಕು. ಬುಟ್ಟಿ ಓಲಾಡುತ್ತಿರುತ್ತದೆ, ತಿರುಗುವ ರೋಟರಿನ ಅಂಚು ಕೊಳವೆಯಿಂದ ಹೆಚ್ಚು ದೂರವಿರುವುದಿಲ್ಲ. ಅಮೆರಿಕದ ವಾಯುಪಡೆಯ ಮೀಸಲು ಪಡೆಯಾದ ಏರ್ ನ್ಯಾಷನಲ್ ಗಾರ್ಡ್‌ನ 106ನೇ ರಕ್ಷಣಾ ವಿಭಾಗದ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ತಂತ್ರದ ಶಕ್ತಿ ಮತ್ತು ಮಿತಿ ಎರಡೂ ತಿಳಿಯುತ್ತವೆ. 1994ರ ಡಿಸೆಂಬರಿನಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ಉಕ್ರೇನಿನ ಸರಕು ಹಡಗು ‘ಸಾಲ್ವದೋರ್ ಅಯೆಂದೆ’ ಮುಳುಗಿದಾಗ, ಕೆನಡಾದ ತೀರದಿಂದ ಹೊರಟ ಇದರ ಪೇವ್ ಹಾಕ್ ಹೆಲಿಕಾಪ್ಟರುಗಳು 700 ಮೈಲಿಗೂ ಹೆಚ್ಚು ದೂರ ಹೋಗಿ, ದಾರಿಯುದ್ದಕ್ಕೂ ಮತ್ತೆ ಮತ್ತೆ ಇಂಧನ ತುಂಬಿಸಿಕೊಂಡು, ಸುಮಾರು 15 ಗಂಟೆ ಹಾರಿ ಒಬ್ಬ ನಾವಿಕನನ್ನು ಜೀವಂತವಾಗಿ ತಂದವು. ಅದಕ್ಕೂ ಮೂರು ವರ್ಷ ಹಿಂದೆ, 1991ರ ಅಕ್ಟೋಬರ್ 30ರಂದು, ಒಂಟಿ ಹಾಯಿದೋಣಿಯವನೊಬ್ಬನ ನೆರವಿಗೆ ಹೋಗಿದ್ದ ಇದೇ ವಿಭಾಗದ ಹೆಲಿಕಾಪ್ಟರಿಗೆ ಬಿರುಗಾಳಿಯಲ್ಲಿ ಬುಟ್ಟಿಯನ್ನು ಹಿಡಿಯಲು ಸಾಧ್ಯವಾಗದೆ, ಇಂಧನ ಮುಗಿಯುವ ಮೊದಲೇ ಕಡಲಿಗಿಳಿಯಬೇಕಾಯಿತು. ಐವರಲ್ಲಿ ನಾಲ್ವರನ್ನು ಕೋಸ್ಟ್ ಗಾರ್ಡ್‌ನ ಹಡಗು ‘ತಮರೋವಾ’ ಎತ್ತಿಕೊಂಡಿತು. ಐದನೆಯವನು ಸಿಗಲೇ ಇಲ್ಲ. ಎರಡರಲ್ಲೂ ತರಬೇತಿ ಒಂದೇ ಬಗೆಯದು, ಯಂತ್ರವೂ ಒಂದೇ ಬಗೆಯದು.

ಇನ್ನು ಮೇಲೆತ್ತುವ ಕೆಲಸ. ಬಾವಿಗೆ ಬಿದ್ದ ಕೊಡವನ್ನು ಎತ್ತಿದಂತೆ ಹಗ್ಗ ಇಳಿಸಿ ಎಳೆದುಕೊಳ್ಳುವುದು ಎಂದು ನಾವು ಊಹಿಸಿಕೊಂಡಿದ್ದರೆ ಅದು ಸುಳ್ಳಾಗುತ್ತದೆ, ಏಕೆಂದರೆ ಇಲ್ಲಿ ಗ್ರಾಹಕನಿಗೇ ಅರ್ಧ ಕೆಲಸವಿದೆ. ಹಾಯಿಗಳನ್ನು ಇಳಿಸಿ ಬಿಗಿಯಬೇಕು. ಡೆಕ್ಕಿನ ಮೇಲೆ ಸಡಿಲವಾಗಿರುವ ಯಾವುದೂ ಉಳಿಯಬಾರದು, ರೋಟರಿನ ಗಾಳಿಗೆ ಅದು ಹಾರಿ ಯಂತ್ರಕ್ಕೇ ಸಿಕ್ಕಬಹುದು. ಗಾಳಿಯು ದೋಣಿಯ ಮೂತಿಯ ಎಡಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ ಬೀಸುವಂತೆ ದಿಕ್ಕು ಹಿಡಿದು ಸಾಗುವಂತೆ ಸಾಮಾನ್ಯವಾಗಿ ಸೂಚಿಸುತ್ತಾರೆ. ಹಗ್ಗ ಇಳಿಸಿ ಎತ್ತುವ ಯಂತ್ರವಾದ ವಿಂಚ್ ಹೆಲಿಕಾಪ್ಟರಿನ ಬಲಬದಿಯಲ್ಲಿರುವುದರಿಂದ, ದೋಣಿಯ ಎಡ ಹಿಂಬದಿಗೆ ಬಂದು ನಿಂತಾಗ ಪೈಲಟ್‌ಗೆ ದೋಣಿ ಕಾಣುತ್ತದೆ. ಮೊದಲು ಇಳಿದು ಬರುವುದು ತೂಕ ಕಟ್ಟಿದ ತೆಳ್ಳನೆಯ ದಾರ. ಓಲಾಡುವ ಪಟಸ್ತಂಭಕ್ಕೆ ತಾಗದಂತೆ ಹೆಲಿಕಾಪ್ಟರ್ ಪಕ್ಕಕ್ಕೆ ಸರಿದು ನಿಂತಾಗ, ಹೆಲಿಕಾಪ್ಟರಿನಿಂದ ಇಳಿಯುವ ರಕ್ಷಕನನ್ನು ದೋಣಿಯತ್ತ ಎಳೆದುಕೊಳ್ಳುವುದು ಈ ದಾರದಿಂದಲೇ. ಅದನ್ನು ಕೈಯಲ್ಲಿ ಹಿಡಿದು, ಸಡಿಲವಾದಷ್ಟನ್ನು ಬಕೆಟ್ಟಿನೊಳಗೆ ಸುರುಳಿಯಾಗಿ ಬಿಡಬೇಕು. ಎಂಥ ಸಂದರ್ಭದಲ್ಲೂ ದೋಣಿಗೆ ಕಟ್ಟಕೂಡದು. ಕೆಳಗೆ ಬರುವ ಉಕ್ಕಿನ ಹಗ್ಗ ಸ್ಥಿರ ವಿದ್ಯುತ್ತನ್ನು ಹೊತ್ತು ತರುವುದರಿಂದ, ಅದರ ಹುಕ್ಕು ಮೊದಲು ನೀರನ್ನೋ ದೋಣಿಯನ್ನೋ ಮುಟ್ಟಿದ ಮೇಲೆಯೇ ಕೈ ಹಾಕಬೇಕು. ಪಟಸ್ತಂಭ ತೀರಾ ಅಡ್ಡ ಬಂದರೆ, ಒಬ್ಬೊಬ್ಬರಾಗಿ ಕಡಲಿಗೆ ಧುಮುಕಿರಿ ಎಂಬ ಆದೇಶವೂ ಬರಬಹುದು. ಮುಳುಗದ ದೋಣಿಯಿಂದ ತಣ್ಣನೆಯ ನೀರಿಗೆ ಹಾರಲು ಮನಸ್ಸು ಒಪ್ಪುವುದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ. ಆದರೆ ಅಲ್ಲಿ ವಾದಕ್ಕೆ ನಿಂತರೆ ಖರ್ಚಾಗುವುದು ಆ 45 ನಿಮಿಷವೇ. ಬಹಳ ಹೊತ್ತು ನೀರಿನಲ್ಲಿದ್ದವರನ್ನು ಸಾಧ್ಯವಾದಾಗಲೆಲ್ಲ ಮಲಗಿದ ಭಂಗಿಯಲ್ಲೇ ಎತ್ತುತ್ತಾರೆ, ಏಕೆಂದರೆ ನೆಟ್ಟಗೆ ಎತ್ತಿದರೆ ರಕ್ತದೊತ್ತಡ ಒಮ್ಮೆಲೇ ಕುಸಿದು, ರಕ್ಷಣೆಯ ಹೊತ್ತಿನಲ್ಲೇ ಜೀವ ಹೋಗುವ ಅಪಾಯವಿದೆ.

ವ್ಯಾಪ್ತಿಯ ಆಚೆ ಈ ಸೇವೆ ಇಲ್ಲವೆಂದೇ ಹೇಳಬೇಕು, ಹೆಲಿಕಾಪ್ಟರನ್ನು ಹೊತ್ತ ಹಡಗು ಅಲ್ಲಿಗೆ ಬಂದರೆ ಮಾತ್ರ ವಿನಾಯಿತಿ. 1997ರ ಜನವರಿಯಲ್ಲಿ ದಕ್ಷಿಣ ಸಾಗರದಲ್ಲಿ ದೋಣಿ ಮಗುಚಿದ ಫ್ರೆಂಚ್ ಒಂಟಿ ನಾವಿಕ ಥಿಯೆರಿ ದ್ಯುಬುವಾ ಅವರನ್ನು ಎತ್ತಿದ್ದು ಆಸ್ಟ್ರೇಲಿಯಾದ ಯುದ್ಧನೌಕೆ ‘ಅಡಿಲೇಡ್’ ಹೊತ್ತು ತಂದಿದ್ದ ಸೀಹಾಕ್ ಹೆಲಿಕಾಪ್ಟರ್. ಆ ಹಡಗು ಬರುವವರೆಗೆ ಅವರನ್ನು ಉಳಿಸಿದ್ದು ವಿಮಾನದಿಂದ ಬಿದ್ದ ರಾಫ್ಟ್. 2018ರ ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಬೆನ್ನಿಗೆ ಪೆಟ್ಟಾಗಿ ಬಿದ್ದಿದ್ದ ಭಾರತದ ಒಂಟಿ ನಾವಿಕ ಅಭಿಲಾಷ್ ಟಾಮಿ ಅವರ ದೋಣಿಯನ್ನು ಭಾರತೀಯ ನೌಕಾಪಡೆಯ ಪಿ-8ಐ ವಿಮಾನ ಕಂಡಿತಾದರೂ, ಅವರನ್ನು ಎತ್ತಿಕೊಂಡದ್ದು ಫ್ರಾನ್ಸಿನ ಮೀನುಗಾರಿಕಾ ಕಾವಲು ಹಡಗು ‘ಓಸಿರಿಸ್’.

ಬೆಲೆಯ ವಿಷಯ ಚಿಕ್ಕದು. ಅಮೆರಿಕದ ಕೋಸ್ಟ್ ಗಾರ್ಡ್ ರಕ್ಷಿಸಿದವರಿಂದ ಹಣ ವಸೂಲಿ ಮಾಡುವುದಿಲ್ಲ. ಬಿಲ್ಲಿನ ಭಯಕ್ಕೆ ಕರೆಯನ್ನು ತಡಮಾಡುವವರು ಹೆಚ್ಚಾದರೆ ಹುಡುಕಾಟ ಇನ್ನಷ್ಟು ದುಬಾರಿಯಾಗುತ್ತದಾದ್ದರಿಂದ ಈ ನೀತಿ ಸರಿಯೆಂದೇ ನನಗೆ ತೋರುತ್ತದೆ. ಆದರೆ ಹೆಲಿಕಾಪ್ಟರ್ ಬರುತ್ತದೆಂಬ ಭರವಸೆಯ ಮೇಲೆ ದೋಣಿಯನ್ನು ಬೇಗ ಬಿಡುವುದು ಬೇರೆ ಮಾತು. 1979ರ ಆಗಸ್ಟಿನಲ್ಲಿ ಬಿರುಗಾಳಿಗೆ ಸಿಕ್ಕ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆಯಲ್ಲಿ 15 ಸ್ಪರ್ಧಿಗಳು ಸತ್ತರು. ನಾವಿಕರು ಬಿಟ್ಟುಹೋದ 24 ದೋಣಿಗಳಲ್ಲಿ ಮುಳುಗಿದ್ದು ಐದು ಮಾತ್ರ, ಉಳಿದವು ಆಮೇಲೂ ತೇಲುತ್ತಿದ್ದವು.

ಈ ಸೇವೆಯನ್ನು ಕರೆಯುವ ಸಾಧನವೆಂದರೆ 406 ಮೆಗಾಹರ್ಟ್ಸ್ ಬೀಕನ್, ಎಂದರೆ ಉಪಗ್ರಹಕ್ಕೆ ಅಪಾಯದ ಸಂಕೇತ ಕಳಿಸುವ ರೇಡಿಯೋ ಸಾಧನ. ಇಂಥ ಸಂಕೇತಗಳನ್ನು ಆಲಿಸುವ ಅಂತರರಾಷ್ಟ್ರೀಯ ಜಾಲವಾದ ಕೋಸ್ಪಾಸ್-ಸಾರ್ಸಾಟ್‌ನ ಉಪಗ್ರಹಗಳು ಹಳೆಯ 121.5 ಮೆಗಾಹರ್ಟ್ಸ್ ಸಂಕೇತವನ್ನು ಆಲಿಸುವುದನ್ನು 2009ರ ಫೆಬ್ರವರಿ 1ಕ್ಕೇ ನಿಲ್ಲಿಸಿವೆ. ಹತ್ತಿರ ಬಂದ ಹೆಲಿಕಾಪ್ಟರಿಗೆ ದಿಕ್ಕು ತೋರಲು ಮಾತ್ರ ಅದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಬೀಕನ್ ಕೊಂಡವರು ಅದನ್ನು ನೋಂದಾಯಿಸುವುದನ್ನು ಮರೆಯುತ್ತಾರೆಂಬುದು ರಕ್ಷಣಾ ಕೇಂದ್ರಗಳ ಹಳೆಯ ದೂರು. ಬರುವ ಸಂಕೇತಗಳಲ್ಲಿ ಬಹುಪಾಲು ಸುಳ್ಳು ಕರೆಗಳೇ ಆಗಿರುವುದರಿಂದ, ಕೇಂದ್ರದವರು ಮೊದಲು ಮಾಡುವ ಕೆಲಸ ನೋಂದಣಿಯಲ್ಲಿರುವ ಸಂಖ್ಯೆಗೆ ಫೋನ್ ಮಾಡುವುದು. ಅತ್ತ ಕಡೆ ಫೋನ್ ಎತ್ತಿದವರು ‘ಹೌದು, ಅವರು ಕಡಲಲ್ಲೇ ಇದ್ದಾರೆ, ದೋಣಿ ಈ ಬಣ್ಣದ್ದು, ಒಳಗೆ ಇಷ್ಟು ಜನ’ ಎಂದು ಹೇಳಿಬಿಟ್ಟರೆ, ಎಷ್ಟು ಹೆಲಿಕಾಪ್ಟರ್ ಕಳಿಸಬೇಕು, ಯಾರನ್ನು ಹುಡುಕಬೇಕು ಎಂಬುದು ಹೊರಡುವ ಮೊದಲೇ ಗೊತ್ತಾಗಿರುತ್ತದೆ.