ನಾಲ್ಕು ಲಕ್ಷಕ್ಕೆ ಸಿಗುವ ಇಪ್ಪತ್ತು ಲಕ್ಷದ ಸೆಡಾನ್: ಅಡ್ವಾನ್ಸ್ ಕೊಡುವ ಮೊದಲು ಓದಿ

ನಮ್ಮ ಬಾಗಲಕೋಟೆ, ವಿಜಯಪುರ ಕಡೆ ಈಗ ಹಳೆಯ ದೊಡ್ಡ ಸೆಡಾನ್‌ಗಳು ತುಂಬಾ ಕಡಿಮೆ ರೇಟಿಗೆ ಬರುತ್ತಿವೆ. ಲೆದರ್ ಸೀಟು, ಸನ್‌ರೂಫ್, ಆಟೋಮ್ಯಾಟಿಕ್ ಗೇರು, ಡೀಸೆಲ್ ಎಂಜಿನ್. ಹೊಸದಿದ್ದಾಗ ಹದಿನೆಂಟು ಇಪ್ಪತ್ತು ಲಕ್ಷ ಇದ್ದದ್ದು ಈಗ ನಾಲ್ಕು, ನಾಲ್ಕೂವರೆ. ಈ ರೇಟ್ ನೋಡಿ ಯಾರಿಗಾದರೂ ಆಸೆ ಆಗೇ ಆಗುತ್ತದೆ. ಆದರೆ ಗಾಡಿಯ ರೇಟ್ ಇಳಿದ ಹಾಗೆ ಅದರ ಪಾರ್ಟ್ಸ್ ರೇಟ್ ಇಳಿಯುವುದಿಲ್ಲ. ನೀವು ನಾಲ್ಕು ಲಕ್ಷ ಕೊಟ್ಟು ತಂದರೂ ಅದು ಕೆಟ್ಟಾಗ ಕೇಳುವುದು ಇಪ್ಪತ್ತು ಲಕ್ಷದ ಗಾಡಿಯ ಖರ್ಚನ್ನೇ. ನಮ್ಮ ಮನೆಯಲ್ಲಿ ಆಗಿದ್ದನ್ನು ಬರೆಯುತ್ತೇನೆ, ನಿಮ್ಮ ದುಡ್ಡಾದರೂ ಉಳಿಯಲಿ.

ನಮ್ಮ ಕಾಕಾಗೆ ಸೀರೆ, ಖಣದ ವ್ಯಾಪಾರ. ಸೊಲ್ಲಾಪುರ, ಹುಬ್ಬಳ್ಳಿ, ಮುಧೋಳ ಅಂತ ಓಡಾಟ ಜಾಸ್ತಿ. ಬೆನ್ನುನೋವಿಗೆ ಆಟೋಮ್ಯಾಟಿಕ್ ಗಾಡಿ ಒಳ್ಳೆಯದು ಅಂತ ಒಬ್ಬ ಏಜೆಂಟನ ಕಡೆಯಿಂದ 2013ರ ಮಾಡೆಲ್, ಪುಣೆ ಪಾಸಿಂಗಿನ ಒಂದು ವಿದೇಶಿ ಕಂಪನಿಯ ಸೆಡಾನ್ ತಗೊಂಡರು. ನಾಲ್ಕು ಲಕ್ಷ ಇಪ್ಪತ್ತೈದು ಸಾವಿರ. ಕಂಪನಿ ಹೆಸರು, ಏಜೆಂಟನ ಹೆಸರು ಹೇಳುವುದಿಲ್ಲ, ಯಾಕಂದರೆ ಈ ಥರದ ಗಾಡಿ ಯಾವ ಕಂಪನಿಯದಾದರೂ ಕಥೆ ಹೆಚ್ಚುಕಡಿಮೆ ಇದೇ. "ಒಂದ್ ರೂಪಾಯಿ ಕೆಲಸ ಇಲ್ರಿ ಕಾಕಾರ, ಡೀಸೆಲ್ ಹಾಕ್ರಿ, ಹೊಡೀರಿ, ಅಷ್ಟ" ಅಂದಿದ್ದ ಆ ಏಜೆಂಟ. ಮೀಟರಿನಲ್ಲಿ ಎಪ್ಪತ್ತೆಂಟು ಸಾವಿರ ಕಿಲೋಮೀಟರ್ ಇತ್ತು. ಹತ್ತು ವರ್ಷದ ಡೀಸೆಲ್ ಗಾಡಿ ಎಪ್ಪತ್ತೆಂಟು ಸಾವಿರ ಮಾತ್ರ ಓಡಿದೆ ಅಂದರೆ ನಂಬುವುದು ಕಷ್ಟ. ಆಮೇಲೆ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಚಾಸಿ ನಂಬರ್ ಕೊಟ್ಟು ಹಳೆ ರೆಕಾರ್ಡ್ ತೆಗೆಸಿದರೆ, ಗಾಡಿ ಮಾರಾಟಕ್ಕೆ ಬರುವುದಕ್ಕೆ ಎಷ್ಟೋ ಮೊದಲೇ ಒಂದು ಲಕ್ಷದ ನಲವತ್ತು ಸಾವಿರ ಕಿಲೋಮೀಟರ್ ದಾಟಿತ್ತು.

ಮೊದಲ ಪೆಟ್ಟು ಗ್ಯಾರೇಜಿನಿಂದ ಬರಲಿಲ್ಲ, ಆರ್‌ಟಿಒದಿಂದ ಬಂತು. ಬೇರೆ ರಾಜ್ಯದ ಗಾಡಿಯನ್ನು ನಮ್ಮ ಬಾಗಲಕೋಟೆಯ ಕೆಎ-29ಕ್ಕೆ ತರಬೇಕು ಅಂದರೆ ಅಲ್ಲಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ ಬೇಕು, ಇಲ್ಲಿ ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಆ ಟ್ಯಾಕ್ಸ್ ನೀವು ಕೊಟ್ಟ ನಾಲ್ಕು ಲಕ್ಷದ ಮೇಲಲ್ಲ, ಗಾಡಿಯ ಮೂಲ ಬೆಲೆ ಮತ್ತು ವಯಸ್ಸು ನೋಡಿ ಲೆಕ್ಕ ಹಾಕುತ್ತಾರೆ. ನಮಗೆ ಲಕ್ಷದ ಮೇಲೆ ಹೋಯಿತು. ಏಜೆಂಟ ಇದರ ಬಗ್ಗೆ ಬಾಯೇ ಬಿಟ್ಟಿರಲಿಲ್ಲ. ದೆಹಲಿ ಕಡೆಯ ಗಾಡಿಗಳ ಬಗ್ಗೆ ಇನ್ನೂ ಹುಷಾರಾಗಿರಿ. ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದಕ್ಕೇ ಅಲ್ಲಿನ ಹಳೆ ಡೀಸೆಲ್ ಗಾಡಿಗಳು ಸಸ್ತಾ ಆಗಿ ಬೇರೆ ರಾಜ್ಯಗಳಿಗೆ ಬರತೊಡಗಿದವು. ರೇಟ್ ಕಡಿಮೆ ಇರುವುದಕ್ಕೆ ಕಾರಣ ಇದ್ದೇ ಇರುತ್ತದೆ, ಅಲ್ವಾ?

ಇನ್ನು ಗೇರ್‌ಬಾಕ್ಸ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ದುಡ್ಡು ಮುಳುಗುವುದು ಇಲ್ಲೇ. ಕಾಕಾನ ಗಾಡಿಯಲ್ಲಿ ಇದ್ದದ್ದು ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್. ಒಳಗೆ ಎರಡು ಕ್ಲಚ್ ಇರುತ್ತವೆ. ಒಂದು ಕ್ಲಚ್ 1, 3, 5, 7ನೇ ಗೇರು ನೋಡಿಕೊಳ್ಳುತ್ತದೆ, ಇನ್ನೊಂದು 2, 4, 6 ಮತ್ತು ರಿವರ್ಸ್. ಇವೆರಡನ್ನೂ ಆಡಿಸುವುದಕ್ಕೆ ಮೆಕಾಟ್ರಾನಿಕ್ ಅಂತ ಒಂದು ಯೂನಿಟ್, ಅದರಲ್ಲೇ ಎಲೆಕ್ಟ್ರಾನಿಕ್ಸ್, ಅದರಲ್ಲೇ ಆಯಿಲ್ ಪ್ರೆಶರ್. ಖಾಲಿ ರೋಡಿನಲ್ಲಿ ಬೆಣ್ಣೆಯ ಹಾಗೆ ಓಡುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಡ್ರೈ ಕ್ಲಚ್, ಅಂದರೆ ಆಯಿಲ್‌ನಲ್ಲಿ ಮುಳುಗಿರದ ಕ್ಲಚ್ ಇರುವ ಗಾಡಿಯಲ್ಲಿ ನಿಂತು, ತೆವಳಿ, ಮತ್ತೆ ನಿಂತು ಹೋಗುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ತಿಕ್ಕಾಡಿ ಬಿಸಿಯಾಗುತ್ತದೆ, ಸವೆಯುತ್ತದೆ. ಟ್ರಾಫಿಕ್ ಬೆಂಗಳೂರಿನ ಸಮಸ್ಯೆ, ನಮ್ಮೂರಲ್ಲಿ ಎಲ್ಲಿಯ ಟ್ರಾಫಿಕ್ ಅಂತ ಕೇಳುವವರು ಕಬ್ಬಿನ ಸೀಸನ್ನಿನಲ್ಲಿ ಮುಧೋಳ, ಮಹಾಲಿಂಗಪುರ, ಜಮಖಂಡಿ ರೋಡಿಗೆ ಬಂದು ನೋಡಲಿ. ಮುಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳ ಸಾಲು, ಓವರ್‌ಟೇಕ್‌ಗೆ ಜಾಗ ಇಲ್ಲ, ಹಿಂದೆ ನಡೆಯುವ ಸ್ಪೀಡಿನಲ್ಲಿ ನಾವು. ಈ ಗೇರ್‌ಬಾಕ್ಸಿಗೆ ಅದಕ್ಕಿಂತ ಕೆಟ್ಟ ಕೆಲಸ ಬೇರೆ ಇಲ್ಲ.

ಲೋಕಾಪುರದ ಹತ್ತಿರ ಮೀಟರಿನಲ್ಲಿ ಗೇರ್ ಗುರುತು ಮಿಣಮಿಣ ಅನ್ನತೊಡಗಿತು. ಆಮೇಲೆ ರಿವರ್ಸ್ ಬೀಳಲೇ ಇಲ್ಲ. ಅಂದರೆ ಅರ್ಧ ಗೇರ್‌ಬಾಕ್ಸ್ ಕೈಕೊಟ್ಟಿತ್ತು. ಊರಿನ ಮೆಕ್ಯಾನಿಕ್ ಬಂದು ಬಾನೆಟ್ ತೆಗೆದು ನೋಡಿ, "ಇದು ನಮ್ ಕೈಯಾಗಿನ ಕೆಲಸ ಅಲ್ರಿ, ಹುಬ್ಬಳ್ಳಿಗೆ ಒಯ್ರಿ" ಅಂದ. ಅವನು ಒಳ್ಳೆಯ ಕೆಲಸಗಾರ, ಎಂಥ ಟ್ರ್ಯಾಕ್ಟರಾದರೂ ಬಿಚ್ಚಿ ಕೂಡಿಸುತ್ತಾನೆ. ಆದರೆ ಈ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಅವನ ಹತ್ತಿರ ಇಲ್ಲ. ಬಿಡಿಭಾಗ ಬಾಗಲಕೋಟೆಯಲ್ಲಿ ಸಿಗುವುದೇ ಇಲ್ಲ. ಇಂಥ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವ ಹಾಗೂ ಇಲ್ಲ, ಗೇರ್‌ಬಾಕ್ಸ್ ಇನ್ನಷ್ಟು ಹಾಳಾಗಬಹುದು. ಫ್ಲ್ಯಾಟ್‌ಬೆಡ್ ತರಿಸಿ ಹುಬ್ಬಳ್ಳಿಗೆ ಸಾಗಿಸಬೇಕಾಯಿತು. ಅದಕ್ಕೇ ಒಂಬತ್ತು ಸಾವಿರ.

ಅಲ್ಲಿ ಕೊಟ್ಟ ಎಸ್ಟಿಮೇಟ್ ಎರಡು ಲಕ್ಷದ ಅರವತ್ತು ಸಾವಿರ. ಕ್ಲಚ್ ಸೆಟ್, ಮೆಕಾಟ್ರಾನಿಕ್, ಲೇಬರ್, ಜಿಎಸ್‌ಟಿ. ಗಾಡಿಗೆ ಕೊಟ್ಟದ್ದರ ಅರ್ಧಕ್ಕಿಂತ ಜಾಸ್ತಿ! ಕಾಕಾ ಬಿಲ್ ಹಿಡಿದುಕೊಂಡು ಸುಮ್ನೆ ಕೂತುಬಿಟ್ಟರು. ಕೊನೆಗೆ ಹೊರಗೆ ಈ ಕೆಲಸ ಮಾಡುವವರನ್ನು ಹುಡುಕಿ, ಮೆಕಾಟ್ರಾನಿಕ್ ಯೂನಿಟ್ ರಿಪೇರಿ ಮಾಡಿಸಿ, ಕ್ಲಚ್ ಮಾತ್ರ ಹೊಸದು ಹಾಕಿಸಿದೆವು. ಅದೂ ಒಂದು ಲಕ್ಷದ ನಲವತ್ತು ಸಾವಿರ. ವಾರಂಟಿ ಆರೇ ತಿಂಗಳು.

ಅಲ್ಲಿಗೆ ಮುಗಿಯಲಿಲ್ಲ. ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಪಿಸ್ಟನ್, ವಾಲ್ವ್ ಒಂದೇ ತಾಳಕ್ಕೆ ಓಡುವ ಹಾಗೆ ಮಾಡುವ ಪಟ್ಟಿ) ಬದಲಿಸಿದ ದಾಖಲೆ ಇರಲಿಲ್ಲ, ವಾಟರ್ ಪಂಪ್ ಸೇರಿಸಿ ಮೂವತ್ತೆರಡು ಸಾವಿರ. ಬೇಸಿಗೆಯಲ್ಲಿ ಎಸಿ ಕಂಪ್ರೆಸರ್ ಹೋಯಿತು, ಕಂಡೆನ್ಸರ್ ಕೂಡಿ ಐವತ್ತೈದು. ಲೋವರ್ ಆರ್ಮ್, ಶಾಕ್ ಅಬ್ಸಾರ್ಬರ್, ಎಂಜಿನ್ ಮೌಂಟಿಂಗ್ ಅಂತ ನಲವತ್ತೆಂಟು. ಟೈರ್ ನಾಲ್ಕೂ ಹೊಸವು, ಮೂವತ್ತಾರು. ಟ್ಯಾಕ್ಸ್ ಬಿಟ್ಟು ಬರೀ ಬಿಲ್ಲುಗಳೇ ಎರಡು ವರ್ಷ ತುಂಬುವ ಮೊದಲು ಮೂರು ಲಕ್ಷ ದಾಟಿವೆ. ಈಗ ಮಾರಲು ಹೋದರೆ ಎರಡು ಲಕ್ಷಕ್ಕೂ ಯಾರೂ ಕೇಳುತ್ತಿಲ್ಲ.

ಟೈಮಿಂಗ್ ಬೆಲ್ಟ್ ಬಗ್ಗೆ ಇನ್ನೊಂದು ಮಾತು. ಇದು ರಬ್ಬರು, ಗಾಡಿ ಓಡದೆ ನಿಂತರೂ ವಯಸ್ಸಾಗುತ್ತದೆ. ಅದಕ್ಕೇ ಕಂಪನಿಗಳು ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಅಂತ ಹೇಳುತ್ತವೆ. ಇಂಥ ಡೀಸೆಲ್ ಎಂಜಿನ್ನಿನಲ್ಲಿ ಓಡುವಾಗ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಆಗ ರಿಪೇರಿ ಮಾತು ಬಿಡಿ, ಎಂಜಿನ್ನೇ ಬಿಚ್ಚಬೇಕು. ಬೆಲ್ಟ್ ಬದಲಿಸಿದ ಬಿಲ್ ಕೈಗೆ ಸಿಗದಿದ್ದರೆ ಬದಲಿಸಿಲ್ಲ ಅಂತಲೇ ತಿಳಿಯಿರಿ.

ಇನ್ಶೂರೆನ್ಸ್ ಇದೆಯಲ್ಲ ಅಂತೀರಾ? ಇಂಥ ಸವೆತ, ಕೆಡುವಿಕೆ ಅದರಲ್ಲಿ ಬರುವುದಿಲ್ಲ. ಅಪಘಾತವಾದರೂ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಅರ್ಧ ಕತ್ತರಿಸುತ್ತಾರೆ, ಹತ್ತು ವರ್ಷ ಮೀರಿದ ಗಾಡಿಯ ಲೋಹದ ಭಾಗಕ್ಕೂ ಅರ್ಧ. ರಿಪೇರಿ ಖರ್ಚು ಐಡಿವಿಯ, ಅಂದರೆ ಇನ್ಶೂರೆನ್ಸಿನಲ್ಲಿ ಗಾಡಿಗೆ ಕಟ್ಟಿದ ಬೆಲೆಯ 75 ಶೇಕಡಾ ಮೀರಿದರೆ ಟೋಟಲ್ ಲಾಸ್, ಗಾಡಿ ಪೂರ್ತಿ ಹೋಯಿತು ಅಂತಲೇ ಲೆಕ್ಕ. ನಿಮ್ಮ ಐಡಿವಿ ಮೂರು ಲಕ್ಷ, ಆದರೆ ಹೆಡ್‌ಲೈಟು, ಬಂಪರು, ಏರ್‌ಬ್ಯಾಗು ಇಪ್ಪತ್ತು ಲಕ್ಷದ ಗಾಡಿಯದು. ಮುಂಭಾಗಕ್ಕೆ ಒಂದು ಜೋರು ಪೆಟ್ಟು ಸಾಕು.

ಆದರೂ ತಗೊಳ್ಳಲೇಬೇಕು ಅನ್ನುವವರು ಇಷ್ಟಾದರೂ ನೋಡಿ. ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿ ಇದ್ದರೆ ಅನುಮಾನ ಪಡಿ. ಇಗ್ನಿಷನ್ ಆನ್ ಮಾಡಿದ ಕೂಡಲೇ ಚೆಕ್ ಎಂಜಿನ್, ಏರ್‌ಬ್ಯಾಗ್, ಎಬಿಎಸ್ ಲೈಟು ಎಲ್ಲಾ ಒಮ್ಮೆ ಹತ್ತಬೇಕು, ಎಂಜಿನ್ ಸ್ಟಾರ್ಟ್ ಆದಮೇಲೆ ಆರಬೇಕು. ಯಾವುದಾದರೂ ಹತ್ತಲೇ ಇಲ್ಲ ಅಂದರೆ ಯಾರೋ ಅದನ್ನು ಮುಚ್ಚಿಟ್ಟಿರಬಹುದು. ಸ್ಕ್ಯಾನರ್ ಹಾಕಿಸಿ. ದೋಷದ ಕೋಡ್‌ಗಳನ್ನು ಮಾರುವ ಮೊದಲು ಅಳಿಸಿರುತ್ತಾರೆ, ಆದರೆ ಹಾಗೆ ಅಳಿಸಿದ ಹೊಸದರಲ್ಲಿ ಗಾಡಿಯ ಸ್ವಂತ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅಂತ ಸ್ಕ್ಯಾನರಿನಲ್ಲೇ ಕಾಣುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ, ಕೆಳಗೆ ಕೆಸರಿನ ಗೆರೆ ಇದ್ದರೆ ಅದು ನೀರಲ್ಲಿ ಮುಳುಗಿದ ಗಾಡಿ. 2019ರ ಆಗಸ್ಟ್‌ನಲ್ಲಿ ನಮ್ಮ ಕೃಷ್ಣಾ, ಮಲಪ್ರಭಾ, ಘಟಪ್ರಭಾ ದಂಡೆ, ಆ ಕಡೆ ಸಾಂಗ್ಲಿ, ಕೊಲ್ಲಾಪುರ ಎಲ್ಲಾ ಮುಳುಗಿದ್ದು ನೆನಪಿದೆ ತಾನೇ? ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಆರ್‌ಸಿ ಮುಗಿಯುವ ತಾರೀಖು ನೋಡಿ. ಹದಿನೈದು ವರ್ಷಕ್ಕೆ ಫಿಟ್‌ನೆಸ್ ಮಾಡಿಸಿ ನವೀಕರಿಸಬೇಕು, 2022ರ ಏಪ್ರಿಲ್‌ನಲ್ಲಿ ಕಾರಿಗೆ ಆ ನವೀಕರಣದ ಫೀಸು 600 ಇದ್ದದ್ದು 5,000 ಆಯಿತು.

ಎಲ್ಲಕ್ಕಿಂತ ಮೊದಲು ಫೋನ್ ಮಾಡಿ ಎರಡು ರೇಟ್ ಕೇಳಿ: ಕ್ಲಚ್ ಅಥವಾ ಗೇರ್‌ಬಾಕ್ಸ್ ಕೆಲಸಕ್ಕೆ ಎಷ್ಟು, ಎಸಿ ಕಂಪ್ರೆಸರಿಗೆ ಎಷ್ಟು. ಡಿಜೈರ್‌ನಂಥ ಮ್ಯಾನ್ಯುಯಲ್ ಪೆಟ್ರೋಲ್ ಗಾಡಿಗೆ ಕ್ಲಚ್ ಕೆಲಸ ಹತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ, ಅದೂ ತಾಲ್ಲೂಕು ಊರಲ್ಲೇ. ಆ ಎರಡು ರೇಟ್ ಕೂಡಿಸಿ ಏಜೆಂಟ ಹೇಳಿದ ಬೆಲೆಗೆ ಸೇರಿಸಿ. ಬಂದ ಮೊತ್ತಕ್ಕೆ ನಮ್ಮ ಊರಲ್ಲೇ ರಿಪೇರಿ ಆಗುವ, ಐದಾರು ವರ್ಷದ ಗಾಡಿ ಸಿಗುತ್ತದೆಯಾ ನೋಡಿ. ನಮ್ಮ ಲೆಕ್ಕದಲ್ಲಿ ಆರಾಮಾಗಿ ಸಿಗುತ್ತಿತ್ತು.

ಈಗಾಗಲೇ ಮನೆಗೆ ತಂದವರು ಟೈಮಿಂಗ್ ಬೆಲ್ಟನ್ನು ಈ ತಿಂಗಳೇ ಮಾಡಿಸಿ. ಕಬ್ಬಿನ ಗಾಡಿಗಳ ಹಿಂದೆ ಸಿಕ್ಕರೆ ತೆವಳಬೇಡಿ. ಬ್ರೇಕ್ ಹಿಡಿದು ಪೂರ್ತಿ ನಿಲ್ಲಿಸಿ, ಮುಂದೆ ಜಾಗ ಆದಮೇಲೆ ಒಮ್ಮೆಗೇ ಹೋಗಿ.