ಅಡಿಕೆ ಡ್ರೈಯರ್ ಬಿಸಿಗೆ ಮೂರು ಬಗೆಯ ಗ್ರಾಫು

ನಮ್ಮ ಮನೆ ತೀರ್ಥಹಳ್ಳಿ ಕಡೆ. ಕೊಯ್ಲು ಶುರುವಾದರೂ ಮಳೆ ಬಿಡದಿದ್ದರೆ ಬೇಯಿಸಿದ ಅಡಿಕೆಗೆ ಸೌದೆ ಡ್ರೈಯರೇ ಗತಿ. ಅದರೊಳಗೆ ಬಿಸಿ ಅಳೆಯುವ ಮೂರು ಡಿಎಸ್18ಬಿ20 ಸೆನ್ಸರ್ ಇಳಿಬಿಟ್ಟಿದ್ದೇನೆ. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಿಂದ ಯುಎಸ್‌ಬಿ ವೈರಲ್ಲಿ ಹಳೇ ಲ್ಯಾಪ್‌ಟಾಪ್‌ಗೆ ಸೆಕೆಂಡಿಗೊಂದು ಸಾಲು ಬರುತ್ತದೆ. ಅದನ್ನು ಓದಿ ಗೆರೆ ಎಳೆಯುವುದು ಪೈಥಾನ್ ಪ್ರೋಗ್ರಾಮಿನ ಕೆಲಸ. ಗ್ರಾಫ್ ಬರೆಯಲು ಯಾವ ಲೈಬ್ರರಿ (ಸಿದ್ಧ ಕೋಡ್) ಅಂತ ತೀರ್ಮಾನಿಸಲು ಮ್ಯಾಟ್‌ಪ್ಲಾಟ್‌ಲಿಬ್, ಪೈಕ್ಯೂಟಿಗ್ರಾಫ್, ಡ್ಯಾಶ್ ಮೂರನ್ನೂ ಓಡಿಸಿ ನೋಡಿದೆ.

ಎಲ್ಲರ ಹಾಗೆ ಮೊದಲು ಮ್ಯಾಟ್‌ಪ್ಲಾಟ್‌ಲಿಬ್. ಜಾನ್ ಹಂಟರ್ ಇದನ್ನು ಶುರು ಮಾಡಿದ್ದೇ ಮೂರ್ಛೆ ರೋಗಿಗಳ ಮಿದುಳಿನ ಸಂಕೇತಗಳನ್ನು ನೋಡಲು. ಹಾಗಾಗಿ ಸೆನ್ಸರ್ ಅಂದರೆ ಇದಕ್ಕೆ ಹೊಸದೇನಲ್ಲ. ಆದರೆ ನಾನು ಪ್ರತಿ ಸೆಕೆಂಡೂ ಚಿತ್ರ ಅಳಿಸಿ ಮತ್ತೆ ಬರೆಯುತ್ತಿದ್ದೆ. ಬೆಳಗಿನ ಜಾವದ ಹೊತ್ತಿಗೆ ವಿಂಡೋ ತೆವಳುತ್ತಿತ್ತು. ಒಂದೇ ಗೆರೆ ಇಟ್ಟುಕೊಂಡು ಅದಕ್ಕೆ ಹೊಸ ಅಂಕಿ ತುಂಬಿ, ಕೊನೆಯ 7200 ಅಂಕಿ ಮಾತ್ರ ಉಳಿಸಿಕೊಂಡ ಮೇಲೆ ಪರವಾಗಿಲ್ಲ ಅನ್ನಿಸಿತು. ಅಂದರೆ ಎರಡು ಗಂಟೆಯ ಚಿತ್ರ. ಇನ್ನೂ ಚುರುಕಾಗಲಿ ಅಂತ ಅದರ ಬ್ಲಿಟ್ ಅನ್ನೋ ಸೌಲಭ್ಯ ಹಾಕಿದೆ. ಗೆರೆಯೇನೋ ಓಡಿತು, ಕೆಳಗಿನ ಗಂಟೆ-ನಿಮಿಷ ಮಾತ್ರ ಇದ್ದಲ್ಲೇ ಇತ್ತು. ಬ್ಲಿಟ್ ಗೆರೆಯನ್ನಷ್ಟೇ ಮತ್ತೆ ಬರೆಯುತ್ತದೆ, ಅಕ್ಷದ ಅಂಕಿಗಳನ್ನಲ್ಲ.

ಪೈಕ್ಯೂಟಿಗ್ರಾಫ್ ಬೇರೆಯೇ ಜಾತಿ. ಇಡೀ ರಾತ್ರಿಯ ಅಂಕಿ, ಮೂರು ಸೆನ್ಸರ್ ಸೇರಿ ಲಕ್ಷದ ಹತ್ತಿರ, ಒಟ್ಟಿಗೆ ಸುರಿದರೂ ಮೌಸ್‌ನಲ್ಲಿ ಎಳೆದಾಡಬಹುದು. ಡೌನ್‌ಸ್ಯಾಂಪ್ಲಿಂಗ್ ಹಾಕಿದರೆ, ಅಂದರೆ ಅಂಕಿ ಕಡಿಮೆ ಮಾಡಿ ಬರೆಸಿದರೆ, ಹಳೇ ಲ್ಯಾಪ್‌ಟಾಪ್‌ಗೂ ಭಾರ ಅನ್ನಿಸಲ್ಲ. ಮೊದಲ ದಿನ ವಿಂಡೋ ಕಲ್ಲಿನ ಹಾಗೆ ನಿಂತುಬಿಟ್ಟಿತ್ತು, ಅದು ನನ್ನದೇ ತಪ್ಪು. ಬೋರ್ಡಿನಿಂದ ಸಾಲು ಬರುವವರೆಗೆ ಕಾಯುವ ಕೋಡನ್ನು ಚಿತ್ರ ಬರೆಯುವ ಜಾಗದಲ್ಲೇ ಇಟ್ಟಿದ್ದೆ. ಅದನ್ನು ಪಕ್ಕದಲ್ಲೇ ತನ್ನ ಪಾಡಿಗೆ ಓಡುವ ಬೇರೆ ಥ್ರೆಡ್‌ಗೆ ಹಾಕಿದ ಮೇಲೆ ಸರಿಯಾಯಿತು.

ಒಂದು ರಾತ್ರಿ ಇಲಿ ವೈರ್ ಕಡಿಯಿತು. ಸೆನ್ಸರ್ ಸಿಗದಿದ್ದರೆ ಬೋರ್ಡಿನ ಲೈಬ್ರರಿ ಕೊಡುವ ಅಂಕಿ -127. ಗೆರೆ ಪಾತಾಳಕ್ಕೆ ಬಿತ್ತು. ಅಕ್ಷ ತಾನಾಗಿ ಹಿಗ್ಗಿ, 50 ಡಿಗ್ರಿ ಸುತ್ತ ಇದ್ದ ಉಳಿದೆರಡು ಗೆರೆ ಮೇಲೆ ಚಪ್ಪಟೆಯಾಗಿ ಅಂಟಿಕೊಂಡವು. ಇನ್ನೊಮ್ಮೆ ಜೋಡಣೆ ಸಡಿಲವಾಗಿ 85 ತೋರಿಸಿತು. ಕರೆಂಟ್ ಸಿಕ್ಕಿದ ತಕ್ಷಣ ಈ ಸೆನ್ಸರ್ ಇಟ್ಟುಕೊಂಡಿರುವ ಅಂಕಿಯೇ ಅದು. ಅಪ್ಪನಿಗೆ ಅದೆಲ್ಲ ಏನು ಗೊತ್ತು? "ಅಡಿಕೆ ಸುಟ್ಟು ಹೋಯ್ತೇನೋ ನೋಡೋ" ಅಂತ ಟಾರ್ಚ್ ಹಿಡಿದು ಓಡಿದರು. ಆಮೇಲೆ ಈ ಎರಡು ಅಂಕಿ ಬಂದರೆ ಅಲ್ಲಿ ನ್ಯಾನ್ (ಅಂಕಿ ಇಲ್ಲ ಅನ್ನುವ ಗುರುತು) ತುಂಬಿದೆ. ಮ್ಯಾಟ್‌ಪ್ಲಾಟ್‌ಲಿಬ್ ಅಲ್ಲಿ ಗೆರೆ ಕಡಿದು ತೋರಿಸುತ್ತದೆ, ಡ್ಯಾಶ್ ಕೂಡ ಹಾಗೇ. ಆ ಸಾಲನ್ನು ಸುಮ್ನೆ ಬಿಟ್ಟುಬಿಟ್ಟರೆ ಮಾತ್ರ ಎರಡು ತುದಿಗೂ ನೇರ ಗೆರೆ ಎಳೆದು, ಬಿಸಿ ನಿಧಾನಕ್ಕೆ ಇಳಿಯಿತು ಅಂತ ಸುಳ್ಳು ಹೇಳುತ್ತವೆ.

ಮೂರನೆಯದು ಡ್ಯಾಶ್. ಬ್ರೌಸರಿನಲ್ಲಿ ಬರುವುದರಿಂದ ಅಪ್ಪ ಜಗಲಿಯಲ್ಲಿ ಕೂತೇ ಫೋನಿನಲ್ಲಿ ನೋಡುತ್ತಾರೆ. ಸೆಕೆಂಡಿಗೊಮ್ಮೆ ಇಡೀ ಗ್ರಾಫ್ ಕಳಿಸುತ್ತಿದ್ದಾಗ ಫೋನ್ ಬಿಸಿ, ಜೂಮ್ ಮಾಡಿದ್ದೂ ಅಳಿಸಿಹೋಗುತ್ತಿತ್ತು. ಹೊಸ ಅಂಕಿಗಳನ್ನಷ್ಟೇ, ಅದೂ 5 ಸೆಕೆಂಡಿಗೊಮ್ಮೆ ಕಳಿಸಿದರೆ ಸಾಕು. ಡ್ರೈಯರ್ ಏನು ಸೆಕೆಂಡಲ್ಲಿ ಕಾಯುತ್ತದಾ? ಡೀಬಗ್ (ತಪ್ಪು ಹುಡುಕುವ ಮೋಡ್) ಆನ್ ಇದ್ದರೆ ಕೋಡ್ ಎರಡು ಸಲ ಓಡಿ, ಯುಎಸ್‌ಬಿ ಪೋರ್ಟ್ ಬ್ಯುಸಿ ಅಂತ ಬೈಸಿಕೊಳ್ಳಬೇಕಾಗುತ್ತದೆ. ದೊಡ್ಡ ತೊಂದರೆ ಅಂದರೆ ಕರೆಂಟ್. ಅದು ಹೋದರೆ ರೂಟರ್ ಆಫ್, ಫೋನಿನ ಗೆರೆ ಅಲ್ಲೇ ನಿಲ್ಲುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಪೈಕ್ಯೂಟಿಗ್ರಾಫ್ ಮಾತ್ರ ಓಡುತ್ತಲೇ ಇರುತ್ತದೆ.

ನನಗೊಬ್ಬನಿಗೇ ಆಗಿದ್ದರೆ ಪೈಕ್ಯೂಟಿಗ್ರಾಫ್, ಎರಡು ಮಾತಿಲ್ಲ. ಆದರೆ ರಾತ್ರಿ ಸೌದೆ ಹಾಕುವವರು ಅಪ್ಪ. ಅದಕ್ಕೇ ಡ್ಯಾಶ್ ಉಳಿಯಿತು, ರೂಟರ್‌ಗೊಂದು ಪುಟ್ಟ ಯುಪಿಎಸ್ ಬಂತು. ಬೋರ್ಡ್ ಓದುವ ಸ್ಕ್ರಿಪ್ಟ್ ಈಗ ಬೇರೆಯೇ ಇದೆ. ಅದು ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿಗೆ ಬರೆಯುತ್ತದೆ, ಗ್ರಾಫ್ ಅಲ್ಲಿಂದ ಓದಿಕೊಳ್ಳುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ಗೆ ಬೆಳಿಗ್ಗೆ ಒಂದೇ ಕೆಲಸ, ಹಿಂದಿನ ರಾತ್ರಿಯ ಚಿತ್ರ ತೆಗೆದಿಡುವುದು.